ಶುಕ್ರವಾರ ಕಾಣೆಯಾದ ದೇಶ, ಫೆಬ್ರವರಿ 30 ಬಂದ ವರ್ಷ

2011ರ ಡಿಸೆಂಬರ್ 29, ಗುರುವಾರ. ಪೆಸಿಫಿಕ್ ಸಾಗರದ ಮಧ್ಯೆ ಇರೋ ಸಮೋವಾ ಅನ್ನೋ ಪುಟ್ಟ ದ್ವೀಪದೇಶದ ಜನ ರಾತ್ರಿ ಮಲ್ಕೊಂಡ್ರು, ಬೆಳಿಗ್ಗೆ ಎದ್ದು ನೋಡಿದ್ರೆ ಡಿಸೆಂಬರ್ 31, ಶನಿವಾರ. ಯಾರೂ ಒಂದಿಡೀ ದಿನ ಗೊರಕೆ ಹೊಡೆದಿರ್ಲಿಲ್ಲ, ಎಲ್ರೂ ಮಾಮೂಲಿ ಏಳೆಂಟು ಗಂಟೆ ನಿದ್ದೆ ಮಾಡಿದ್ದು ಅಷ್ಟೇ. ಆದ್ರೆ ಮಧ್ಯದ ಶುಕ್ರವಾರ, ಅಂದ್ರೆ ಡಿಸೆಂಬರ್ 30, ಆ ದೇಶಕ್ಕೆ ಬರಲೇ ಇಲ್ಲ. ಆವತ್ತು ಬರ್ತ್‌ಡೇ ಇದ್ದೋರಿಗೆ ಆ ವರ್ಷ ಬರ್ತ್‌ಡೇನೇ ಇಲ್ಲ. ಇನ್ನೂ ಮಜಾ ಅಂದ್ರೆ, ಇಲ್ಲದ ಆ ಶುಕ್ರವಾರಕ್ಕೂ ನೌಕರರಿಗೆ ಸಂಬಳ ಕೊಡ್ಬೇಕು ಅಂತ ಸರ್ಕಾರ ಹೇಳಿಬಿಡ್ತು. ಕೆಲಸಕ್ಕೆ ಹೋಗೋದಿರ್ಲಿ, ದಿನವೇ ಹುಟ್ಟಿಲ್ಲ, ಆದ್ರೂ ಸಂಬಳ!

ಈ ತರದ್ದನ್ನ ಓದಿದಾಗ "ಹೌದಾ, ವಿಚಿತ್ರ" ಅಂತ ಹೇಳಿ ಮುಂದೆ ಹೋಗಿಬಿಡ್ತೀವಿ. ಆದ್ರೆ ಒಂದು ದೇಶ ಒಂದು ದಿನವನ್ನ ಕ್ಯಾಲೆಂಡರಿಂದ ಕಿತ್ತು ಹಾಕೋಕೆ ಹೇಗೆ ಸಾಧ್ಯ, ಅದಕ್ಕೆ ಯಾರ ಪರ್ಮಿಷನ್ ಬೇಕು, ದಿನ ಅನ್ನೋದು ಸೂರ್ಯ ಹುಟ್ಟಿ ಮುಳುಗೋದಲ್ವಾ, ಅದನ್ನ ಹೇಗ್ರೀ ತೆಗೀತಾರೆ ಅಂತ ಒಂದ್ಸಲ ತಲೆಗೆ ಹುಳ ಬಿಟ್ಕೊಂಡ್ರೆ ನಿದ್ದೆ ಬರಲ್ಲ. ನಂಗೆ ಬಂದಿರ್ಲಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳೋಣ ಅಂತ.

ಮೊದಲು ಒಂದು ಲೆಕ್ಕ. ಭೂಮಿ ದುಂಡಗಿದೆ, 24 ಗಂಟೇಲಿ ಒಂದು ಸುತ್ತು ಅಂದ್ರೆ 360 ಡಿಗ್ರಿ ತಿರುಗುತ್ತೆ, ಅಂದ್ರೆ ಗಂಟೆಗೆ 15 ಡಿಗ್ರಿ. ಇದು ಸ್ಕೂಲಲ್ಲಿ ಎಲ್ರೂ ಓದಿರೋದೇ. ಈಗ ನಿಮ್ಮ ಹತ್ರ ಒಂದು ಭಯಂಕರ ಸ್ಪೀಡಿನ ವಿಮಾನ ಇದೆ ಅಂದ್ಕೊಳ್ಳಿ. ಸಮಭಾಜಕ ವೃತ್ತದ ಮೇಲೆ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ಹಾರಿದ್ರೆ ಭೂಮಿ ತಿರುಗೋ ಸ್ಪೀಡಿಗೆ ಸರಿಸಮ ಆಗುತ್ತೆ, ಅಂದ್ರೆ ಸೂರ್ಯ ನಿಮ್ಮ ನೆತ್ತಿ ಬಿಟ್ಟು ಅಲ್ಲಾಡೋದೇ ಇಲ್ಲ. ಸೋಮವಾರ ಮಧ್ಯಾಹ್ನ 12ಕ್ಕೆ ಹೊರಟ್ರಿ. ಒಂದು ಗಂಟೆ ಆದ್ಮೇಲೆ ಕೆಳಗಿರೋ ಊರಿನವರನ್ನ ಟೈಮ್ ಎಷ್ಟು ಅಂತ ಕೇಳಿದ್ರೆ ಮಧ್ಯಾಹ್ನ 12 ಅಂತಾರೆ. ಇನ್ನೊಂದು ಗಂಟೆ ಬಿಟ್ಟು ಕೇಳಿ, ಅಲ್ಲೂ ಮಧ್ಯಾಹ್ನ 12. ಹೀಗೇ ಹೋಗಿ ಹೋಗಿ 24 ಗಂಟೆ ಆದ್ಮೇಲೆ ಹೊರಟ ಜಾಗಕ್ಕೇ ಬಂದು ಇಳಿದ್ರಿ. ನಿಮ್ಮ ಪ್ರಕಾರ ಕತ್ತಲೇ ಆಗಿಲ್ಲ, ಇನ್ನೂ ಸೋಮವಾರ ಮಧ್ಯಾಹ್ನ. ಅಲ್ಲಿರೋರು ಒಂದು ರಾತ್ರಿ ಮಲಗಿ ಎದ್ದಿದಾರೆ, ಅವರಿಗೆ ಮಂಗಳವಾರ ಮಧ್ಯಾಹ್ನ.

ಪ್ರಶ್ನೆ ಏನಂದ್ರೆ, ದಾರೀಲಿ ಸಿಕ್ಕ ಊರುಗಳಲ್ಲಿ ಯಾವ ಊರಿನವರು ಮೊದಲ ಸಲ "ಇವತ್ತು ಮಂಗಳವಾರ" ಅಂದ್ರು? ಎಲ್ಲಾ ಊರಲ್ಲೂ 12 ಗಂಟೆನೇ, ಎಲ್ಲಾ ಊರಲ್ಲೂ ಸೂರ್ಯ ನೆತ್ತಿ ಮೇಲೇನೇ, ಆಕಾಶ ನೋಡಿದ್ರೆ ಒಂದು ಊರಿಗೂ ಪಕ್ಕದ ಊರಿಗೂ ಏನೂ ವ್ಯತ್ಯಾಸ ಇಲ್ಲ. ಆದ್ರೆ ಎಲ್ಲೋ ಒಂದು ಕಡೆ ಸೋಮವಾರ ನಿಂತು ಮಂಗಳವಾರ ಶುರುವಾಗ್ಲೇಬೇಕು, ಇಲ್ಲಾಂದ್ರೆ ಲೆಕ್ಕ ಕೂಡಲ್ಲ. ಎಲ್ಲಿ ಅನ್ನೋದನ್ನ ಪ್ರಕೃತಿ ಹೇಳಲ್ಲ, ಮನುಷ್ಯರೇ ಕೂತ್ಕೊಂಡು ಗೆರೆ ಎಳೀಬೇಕು. ಅದೇ ಡೇಟ್ ಲೈನ್.

ಇದು ಬರೀ ಕಲ್ಪನೆ ಅಲ್ಲ, 500 ವರ್ಷದ ಹಿಂದೆಯೇ ನಾವಿಕರಿಗೆ ಅನುಭವ ಆಗಿತ್ತು. ಮೆಗಲನ್‌ನ ಹಡಗುಗಳು 1519ರಲ್ಲಿ ಸ್ಪೇನ್ ಬಿಟ್ಟು ಪಶ್ಚಿಮಕ್ಕೆ ಹೊರಟವು. ಮೆಗಲನ್ 1521ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಜಗಳ ಒಂದರಲ್ಲಿ ಸತ್ತ, ಐದು ಹಡಗಲ್ಲಿ ಭೂಮಿ ಸುತ್ತಿ ಬಂದಿದ್ದು ಒಂದೇ, ಅದರಲ್ಲಿ ಸ್ಪೇನ್ ಮುಟ್ಟಿದವರು 18 ಜನ. ಅವರ ಜೊತೆಗಿದ್ದ ಇಟಲಿಯ ಪಿಗಾಫೆಟ್ಟಾ ದಿನಾ ತಪ್ಪದೆ ಡೈರಿ ಬರೀತಿದ್ದ. 1522ರ ಜುಲೈನಲ್ಲಿ ಆಹಾರ ತುಂಬಿಸ್ಕೊಳ್ಳೋಕೆ ಕೇಪ್ ವರ್ಡ್ ದ್ವೀಪದಲ್ಲಿ ನಿಲ್ಲಿಸಿದಾಗ ಅವನ ಡೈರಿ ಪ್ರಕಾರ ಬುಧವಾರ, ಕೇಳಿದ್ರೆ ಅಲ್ಲಿನ ಪೋರ್ಚುಗೀಸರು ಗುರುವಾರ ಅಂದ್ರು. ಪಾಪ ಅವನು ಒಂದು ದಿನಾನೂ ಬಿಡದೆ ಬರೆದಿದ್ದ, ತಪ್ಪು ಎಲ್ಲಾಯ್ತು ಅಂತ ತಲೆ ಕೆರ್ಕೊಂಡ. ತಪ್ಪು ಎಲ್ಲೂ ಆಗಿರ್ಲಿಲ್ಲ. ಸೂರ್ಯನ ಹಿಂದೆ ಹಿಂದೆ ಪಶ್ಚಿಮಕ್ಕೆ ಹೋಗ್ತಾ ಇದ್ದಿದ್ದರಿಂದ ಅವರ ಒಂದೊಂದು ದಿನವೂ 24 ಗಂಟೆಗಿಂತ ಚೂರೇ ಚೂರು ಉದ್ದ ಇತ್ತು, ಆ ಚೂರುಗಳೆಲ್ಲಾ ಮೂರು ವರ್ಷದಲ್ಲಿ ಸೇರಿ ಸೇರಿ ಒಂದು ಪೂರ್ತಿ ದಿನ ಆಗಿತ್ತು.

ಸರಿ, ಗೆರೆ ಬೇಕು ಅಂತ ಆಯ್ತು. ಎಲ್ಲಿ ಎಳೀಬೇಕು? ಲಂಡನ್‌ನಲ್ಲಿರೋ ಗ್ರೀನಿಚ್‌ನ ಸೊನ್ನೆ ಡಿಗ್ರಿ ಅಂತ ಇಟ್ಕೊಂಡ್ರೆ ಅದಕ್ಕೆ ಸರಿಯಾಗಿ ಎದುರು ಬದಿಯ 180 ಡಿಗ್ರಿ ಹೆಚ್ಚು ಕಡಿಮೆ ಪೂರ್ತಿ ಸಮುದ್ರದಲ್ಲೇ ಹೋಗುತ್ತೆ, ಹಾಗಾಗಿ ಅದು ಅನುಕೂಲ. ಆದ್ರೆ ಬಹಳ ಜನಕ್ಕೆ ಗೊತ್ತಿಲ್ಲದ ವಿಷ್ಯ ಏನಂದ್ರೆ ಈ ಡೇಟ್ ಲೈನ್‌ಗೆ ಅಂತ ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಇಲ್ಲ. ಆಯಾ ದೇಶ ತನ್ನ ನೆಲದಲ್ಲಿ ಇವತ್ತು ಯಾವ ದಿನಾಂಕ ಅಂತ ತಾನೇ ತೀರ್ಮಾನ ಮಾಡುತ್ತೆ, ಮ್ಯಾಪ್ ಮಾಡೋರು ಅದಕ್ಕೆ ತಕ್ಕ ಹಾಗೆ ಗೆರೆಯನ್ನ ಅಂಕುಡೊಂಕು ಮಾಡ್ತಾರೆ. ಹಾಗಾಗಿ ಸಮೋವಾಗೆ ಯಾರ ಪರ್ಮಿಷನ್ನೂ ಬೇಕಾಗಿರ್ಲಿಲ್ಲ, ತನ್ನದೇ ಒಂದು ಕಾನೂನು ಸಾಕಾಯ್ತು.

ಯಾಕೆ ಮಾಡಿದ್ರು ಅಂತ ಕೇಳಿದ್ರೆ, ದುಡ್ಡು. ಸಮೋವಾದ ವ್ಯಾಪಾರ ವ್ಯವಹಾರ ಎಲ್ಲಾ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ. ಸಮೋವಾ ಸಿಡ್ನಿಗಿಂತ 21 ಗಂಟೆ ಹಿಂದೆ ಇತ್ತು. ಇವರ ಶುಕ್ರವಾರ ಅಂದ್ರೆ ಅಲ್ಲಿ ಶನಿವಾರ, ಆಫೀಸ್ ರಜಾ. ಇವರು ಭಾನುವಾರ ಚರ್ಚ್‌ನಲ್ಲಿ ಕೂತಿದ್ರೆ ಅಲ್ಲಿ ಸೋಮವಾರ, ಫೋನ್ ಮೇಲೆ ಫೋನ್. ವಾರಕ್ಕೆ ಎರಡು ಕೆಲಸದ ದಿನ ಸುಮ್ನೆ ಹಾಳು. ಶುಕ್ರವಾರವನ್ನ ನುಂಗಿದ್ದೇ ತಡ, 21 ಗಂಟೆ ಹಿಂದೆ ಇದ್ದ ದೇಶ 3 ಗಂಟೆ ಮುಂದೆ ಬಂತು. ಇದೇ ಸಮೋವಾ 2009ರಲ್ಲಿ ರಸ್ತೆಯ ಬಲಗಡೆ ಓಡ್ತಿದ್ದ ಗಾಡಿಗಳನ್ನ ರಾತ್ರೋರಾತ್ರಿ ಎಡಗಡೆಗೆ ತಿರುಗಿಸಿತ್ತು, ಅದಕ್ಕೂ ಕಾರಣ ಆ ಎರಡು ದೇಶದಿಂದ ಕಡಿಮೆ ಬೆಲೆಗೆ ಹಳೇ ಕಾರ್ ತರಿಸ್ಕೋಬಹುದು ಅನ್ನೋದು. ನಂಗಂತೂ ಈ ದೇಶದ ಧೈರ್ಯ ತುಂಬಾ ಇಷ್ಟ.

ಇದು ಅವರಿಗೆ ಮೊದಲ ಸಲವೂ ಅಲ್ಲ. 1892ರಲ್ಲಿ ಅಮೆರಿಕದ ವ್ಯಾಪಾರಿಗಳ ಮಾತು ಕೇಳಿ ಉಲ್ಟಾ ದಿಕ್ಕಿಗೆ ಹಾರಿದ್ರು, ಆಗ ಜುಲೈ 4 ಎರಡು ಸಲ ಬಂತು. ಅಮೆರಿಕದ ಸ್ವಾತಂತ್ರ್ಯ ದಿನ ನೋಡಿ, ಬೇಕು ಅಂತಲೇ ಆ ದಿನ ಆರಿಸಿದ್ದು. 1892 ಅಧಿಕ ವರ್ಷ ಬೇರೆ, ಹಾಗಾಗಿ ಸಮೋವಾದಲ್ಲಿ ಆ ವರ್ಷಕ್ಕೆ 367 ದಿನ. 119 ವರ್ಷ ಆದ್ಮೇಲೆ ಆ ಸಾಲ ತೀರಿಸಿದ ಹಾಗೆ 2011ರಲ್ಲಿ 364 ದಿನ.

ಪಕ್ಕದಲ್ಲೇ ಅಮೆರಿಕನ್ ಸಮೋವಾ ಅಂತ ಇನ್ನೊಂದು ದ್ವೀಪ ಸಮೂಹ ಇದೆ, ನೂರು ಚಿಲ್ಲರೆ ಕಿಲೋಮೀಟರ್ ದೂರ, ಅದೇ ಭಾಷೆ ಅದೇ ಜನ, ಅವರು ಮಾತ್ರ ಅಮೆರಿಕದ ಕಡೆಯೇ ಉಳ್ಕೊಂಡ್ರು. ಈಗ ಎರಡೂ ಕಡೆ ಗಡಿಯಾರದಲ್ಲಿ ಒಂದೇ ಟೈಮ್, ದಿನಾಂಕ ಮಾತ್ರ ಬೇರೆ. ಭಾನುವಾರ ಬೆಳಿಗ್ಗೆ ಸಮೋವಾದಲ್ಲಿ ಸಣ್ಣ ವಿಮಾನ ಹತ್ತಿದ್ರೆ ಶನಿವಾರ ಬೆಳಿಗ್ಗೆ ಅಲ್ಲಿ ಇಳೀತೀರ. ಎರಡೆರಡು ಸಲ ಬರ್ತ್‌ಡೇ ಮಾಡ್ಕೊಳ್ಳೋರಿಗೆ ಹೇಳಿ ಮಾಡಿಸಿದ ಜಾಗ.

ಇದ್ರಲ್ಲಿ ನಿಜವಾಗ್ಲೂ ಇಕ್ಕಟ್ಟಿಗೆ ಸಿಕ್ಕಿದ್ದು ಸೆವೆಂತ್ ಡೇ ಅಡ್ವೆಂಟಿಸ್ಟ್ ಅನ್ನೋ ಕ್ರೈಸ್ತ ಪಂಗಡದವರು. ಅವರಿಗೆ ವಾರದ ಏಳನೇ ದಿನ, ಶನಿವಾರ, ದೇವರ ದಿನ. ಒಂದು ದಿನ ಹಾರಿಸಿದ್ಮೇಲೆ ಏಳನೇ ದಿನ ಯಾವುದು? ಗುರುವಾರ ಆದ್ಮೇಲೆ ಎರಡನೇ ದಿನವನ್ನ ಎಣಿಸಿದ್ರೆ ಅದು ಸರ್ಕಾರದ ಲೆಕ್ಕದಲ್ಲಿ ಭಾನುವಾರ. ಹೀಗಾಗಿ ಸಮೋವಾದಲ್ಲಿ ಅವರ ಪಂಗಡ ಭಾನುವಾರವನ್ನೇ ಪಾಲಿಸೋಕೆ ಶುರು ಮಾಡ್ತು, ಕೆಲವರು ಒಪ್ಪದೆ ಶನಿವಾರಕ್ಕೇ ಅಂಟ್ಕೊಂಡ್ರು. ದೇವರು ಎಣಿಸೋದು ಸರ್ಕಾರದ ಕ್ಯಾಲೆಂಡರ್ ನೋಡ್ಕೊಂಡಾ ಅಥವಾ ಸೂರ್ಯನ್ನ ನೋಡ್ಕೊಂಡಾ, ಇದಕ್ಕೆ ಯಾರು ಉತ್ತರ ಹೇಳ್ತಾರೆ ಹೇಳಿ.

ಕಿರಿಬಾಟಿ ಅಂತ ಇನ್ನೊಂದು ದೇಶ. (ಬರೆಯೋದು ಹಾಗೆ, ಅವರು ಹೇಳೋದು "ಕಿರಿಬಾಸ್" ಅಂತ, ಅವರ ಭಾಷೇಲಿ ಟಿ ಮತ್ತು ಐ ಜೊತೆಗೆ ಬಂದ್ರೆ ಸ್ ಅನ್ನೋ ಶಬ್ದ. ಅಲ್ಲಿರೋ ಕಿರಿಟಿಮಾಟಿ ದ್ವೀಪ ಅಂದ್ರೆ ಬೇರೇನಲ್ಲ, ಕ್ರಿಸ್ಮಸ್.) ಇವರ ದ್ವೀಪಗಳು ಸಮುದ್ರದಲ್ಲಿ ಸಾವಿರಾರು ಕಿಲೋಮೀಟರ್ ಚದುರಿ ಬಿದ್ದಿವೆ, ಡೇಟ್ ಲೈನ್ ದೇಶದ ಮಧ್ಯದಲ್ಲೇ ಹಾದು ಹೋಗ್ತಿತ್ತು. ಒಂದೇ ದೇಶ, ಅರ್ಧಕ್ಕೆ ಸೋಮವಾರ, ಅರ್ಧಕ್ಕೆ ಮಂಗಳವಾರ, ಸರ್ಕಾರಿ ಆಫೀಸುಗಳು ಪರಸ್ಪರ ಮಾತಾಡೋಕೆ ವಾರಕ್ಕೆ ನಾಲ್ಕೇ ದಿನ. 1994 ಮುಗಿದು 1995 ಹುಟ್ಟೋ ಹೊತ್ತಿಗೆ ಪೂರ್ವದ ದ್ವೀಪಗಳು ಒಂದು ದಿನ ಹಾರಿಸಿ ಪಶ್ಚಿಮದವರ ದಿನಾಂಕಕ್ಕೆ ಬಂದ್ವು. ಮ್ಯಾಪ್‌ನಲ್ಲಿ ಡೇಟ್ ಲೈನ್ ಒಂದು ಕಡೆ ಪೂರ್ವಕ್ಕೆ ಉದ್ದಕ್ಕೆ ಮೂತಿ ಚಾಚಿದ ಹಾಗೆ ಕಾಣುತ್ತಲ್ಲ, ಅದು ಇದೇ.

ಇದರಿಂದ ಒಂದು ತಮಾಷೆ ಹುಟ್ಕೊಂಡಿದೆ. ಕಿರಿಟಿಮಾಟಿಯ ಗಡಿಯಾರ ಗ್ರೀನಿಚ್‌ಗಿಂತ 14 ಗಂಟೆ ಮುಂದೆ. ಅಮೆರಿಕನ್ ಸಮೋವಾ 11 ಗಂಟೆ ಹಿಂದೆ. ಎರಡರ ನಡುವೆ 25 ಗಂಟೆ, ದಿನಕ್ಕೆ ಇರೋದೇ 24! ಗ್ರೀನಿಚ್ ಲೆಕ್ಕದಲ್ಲಿ ಮಂಗಳವಾರ ಬೆಳಿಗ್ಗೆ ಹತ್ತೂವರೆ ಅಂತ ತಗೊಳ್ಳಿ. ಹನ್ನೊಂದು ಕಳೀರಿ, ಅಮೆರಿಕನ್ ಸಮೋವಾದಲ್ಲಿ ಸೋಮವಾರ ರಾತ್ರಿ ಹನ್ನೊಂದೂವರೆ. ಹದಿನಾಲ್ಕು ಕೂಡಿ, ಕಿರಿಟಿಮಾಟಿಯಲ್ಲಿ ಬುಧವಾರ ಮಧ್ಯರಾತ್ರಿ ಹನ್ನೆರಡೂವರೆ. ಅಂದ್ರೆ ಅದೇ ಕ್ಷಣದಲ್ಲಿ ಭೂಮಿ ಮೇಲೆ ಸೋಮವಾರ, ಮಂಗಳವಾರ, ಬುಧವಾರ ಮೂರೂ ಇವೆ. ಇದು ವರ್ಷಕ್ಕೊಮ್ಮೆ ಆಗೋದಲ್ಲ, ದಿನಾ ಒಂದು ಗಂಟೆ ಹೊತ್ತು ಹೀಗೇ ಇರುತ್ತೆ. ಗ್ರೀನಿಚ್‌ಗಿಂತ 12 ಗಂಟೆ ಹಿಂದಿರೋ, ಜನ ಇಲ್ಲದ ಬೇಕರ್ ದ್ವೀಪವನ್ನೂ ಸೇರಿಸಿದ್ರೆ ಎರಡು ಗಂಟೆ. ನಿಮಗೆ ನಂಬಿಕೆ ಬರ್ದಿದ್ರೆ ಪೆನ್ನು ತಗೊಂಡು ಲೆಕ್ಕ ಹಾಕಿ, ನಾನೂ ಎರಡು ಸಲ ಹಾಕಿದೀನಿ.

ಉತ್ತರಕ್ಕೆ ಹೋದ್ರೆ ಬೇರಿಂಗ್ ಜಲಸಂಧಿಯಲ್ಲಿ ಡಯೊಮೀಡ್ ಅನ್ನೋ ಜೋಡಿ ದ್ವೀಪ. ದೊಡ್ಡದು ರಷ್ಯಾದ್ದು, ಚಿಕ್ಕದು ಅಮೆರಿಕದ್ದು, ಮಧ್ಯೆ ನಾಲ್ಕು ಕಿಲೋಮೀಟರ್ ಕೂಡ ಇಲ್ಲ, ಆದ್ರೆ ಟೈಮಲ್ಲಿ ಚಳಿಗಾಲದಲ್ಲಿ 21 ಗಂಟೆ ವ್ಯತ್ಯಾಸ. ಚಿಕ್ಕ ದ್ವೀಪದವರು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ತೆಗೆದು ನೋಡಿದ್ರೆ ಎದುರಿಗೆ ಕಾಣೋ ಬೆಟ್ಟದ ಮೇಲೆ ಮಂಗಳವಾರ ಬೆಳಿಗ್ಗೆ ಆರು. ನಾಳೆಯನ್ನ ಬರಿಗಣ್ಣಲ್ಲಿ ನೋಡ್ಬಹುದಾದ ಜಾಗ ಅಂದ್ರೆ ಇದೇ. 1987ರಲ್ಲಿ ಲಿನ್ ಕಾಕ್ಸ್ ಅನ್ನೋ ಅಮೆರಿಕದ ಈಜುಗಾರ್ತಿ ಆ ಮಂಜಿನಂಥ ನೀರಲ್ಲಿ ಈಜಿ ಇವತ್ತಿಂದ ನಾಳೆಗೆ ದಾಟಿದ್ರು.

ಅಲಾಸ್ಕಾ ಕಥೆ ಇದಕ್ಕಿಂತ ಗೋಜಲು. 1867ರಲ್ಲಿ ರಷ್ಯಾ ಅದನ್ನ ಅಮೆರಿಕಕ್ಕೆ 72 ಲಕ್ಷ ಡಾಲರಿಗೆ ಮಾರಿತು. ರಷ್ಯನ್ನರು ಸೈಬೀರಿಯಾ ಕಡೆಯಿಂದ ಅಲ್ಲಿಗೆ ಬಂದಿದ್ದವರು, ಜೊತೆಗೆ ಏಷ್ಯಾದ ದಿನಾಂಕ ತಂದಿದ್ರು, ಮತ್ತೆ ಅವರದ್ದು 12 ದಿನ ಹಿಂದಿರೋ ಹಳೇ ಜೂಲಿಯನ್ ಕ್ಯಾಲೆಂಡರ್. ಕೈ ಬದಲಾದಾಗ ಎರಡನ್ನೂ ಒಟ್ಟಿಗೆ ಸರಿ ಮಾಡ್ಬೇಕಾಯ್ತು. ಫಲಿತಾಂಶ: ಅಕ್ಟೋಬರ್ 6 ಶುಕ್ರವಾರ ಆದ್ಮೇಲೆ ಮಾರನೇ ದಿನ ಅಕ್ಟೋಬರ್ 18, ಅದೂ ಶುಕ್ರವಾರ! ದಿನಾಂಕ ಹಾರಿತು, ವಾರ ಅಲ್ಲೇ ನಿಂತಿತು. ಫಿಲಿಪ್ಪೀನ್ಸ್‌ನದ್ದು ಇದರ ಕನ್ನಡಿ ಬಿಂಬ, ಸ್ಪೇನಿನವರು ಮೆಕ್ಸಿಕೋ ಕಡೆಯಿಂದ ಸಾಗರ ದಾಟಿ ಬಂದು ಅಮೆರಿಕ ಖಂಡದ ದಿನಾಂಕವನ್ನ ಏಷ್ಯಾದಲ್ಲಿ ನೆಟ್ಟಿದ್ರು, ಮುನ್ನೂರು ವರ್ಷದ ಹತ್ರ ಅದೇ ನಡೀತು, ಆಮೇಲೆ 1844ರ ಡಿಸೆಂಬರ್ 31ನ್ನ ತೆಗೆದು ಹಾಕಿ ಸರಿ ಮಾಡ್ಕೊಂಡ್ರು. ಯಾರು ಯಾವ ದಿಕ್ಕಿಂದ ಹಡಗಲ್ಲಿ ಬಂದ್ರು ಅನ್ನೋದರ ಮೇಲೆ ಇವತ್ತು ಯಾವ ವಾರ ಅನ್ನೋದು ನಿಂತಿತ್ತು ನೋಡಿ.

ದಿನದ ಕಥೆ ಹೀಗಾದ್ರೆ ಗಂಟೆಯ ಕಥೆಯೂ ಅಷ್ಟೇ. ರೈಲು ಬರೋವರೆಗೂ ಪ್ರತಿ ಊರಿಗೂ ಅದರದ್ದೇ ಟೈಮ್, ಸೂರ್ಯ ನೆತ್ತಿಗೆ ಬಂದಾಗ ಹನ್ನೆರಡು, ಯಾರಿಗೂ ತೊಂದ್ರೆ ಇರ್ಲಿಲ್ಲ. ರೈಲು ಬಂದ್ಮೇಲೆ ವೇಳಾಪಟ್ಟಿ ಬಂತು, ಯಾವ ಊರಿನ ಹತ್ತು ಗಂಟೆ ಅನ್ನೋ ತಕರಾರು ಬಂತು. ಇಂಗ್ಲೆಂಡಿನ ಬ್ರಿಸ್ಟಲ್ ಲಂಡನ್‌ಗಿಂತ ಹತ್ತು ನಿಮಿಷ ಹಿಂದೆ. ಅಲ್ಲಿನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರ ಇವತ್ತಿಗೂ ಇದೆ, ಅದಕ್ಕೆ ನಿಮಿಷದ ಮುಳ್ಳು ಎರಡು, ಒಂದು ಲಂಡನ್ ಟೈಮು, ಇನ್ನೊಂದು ಊರಿನ ಟೈಮು. ರೈಲು ಹಿಡಿಯೋರು ಒಂದನ್ನ ನೋಡೋದು, ಉಳಿದವರು ಇನ್ನೊಂದನ್ನ. ಅಮೆರಿಕದಲ್ಲಿ 1883ರ ನವೆಂಬರ್ 18ರಂದು ರೈಲ್ವೆ ಕಂಪನಿಗಳೇ ಸೇರಿ ದೇಶವನ್ನ ವಲಯಗಳಾಗಿ ಹಂಚಿಬಿಟ್ರು, ಸರ್ಕಾರ ಅದನ್ನ ಕಾನೂನು ಮಾಡಿದ್ದು 1918ರಲ್ಲಿ.

1884ರಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳು ಕೂತು ಗ್ರೀನಿಚ್‌ನ ಸೊನ್ನೆ ಅಂತ ಒಪ್ಪಿದಾಗ ಫ್ರಾನ್ಸ್ ವೋಟ್ ಹಾಕದೆ ಕೂತಿತ್ತು. ಅವರಿಗೆ ಪ್ಯಾರಿಸ್ಸೇ ಸೊನ್ನೆ. ಕೊನೆಗೆ 1911ರಲ್ಲಿ ಬೇರೆ ದಾರಿ ಇಲ್ಲದೆ ಒಪ್ಕೊಂಡ್ರು, ಆದ್ರೆ ಕಾನೂನಲ್ಲಿ ಗ್ರೀನಿಚ್ ಅನ್ನೋ ಪದಾನೇ ಬರೀಲಿಲ್ಲ. "ಫ್ರಾನ್ಸಿನ ಕಾಲ ಅಂದ್ರೆ ಪ್ಯಾರಿಸ್ ಸರಾಸರಿ ಕಾಲವನ್ನ 9 ನಿಮಿಷ 21 ಸೆಕೆಂಡು ಹಿಂದಿಟ್ಟದ್ದು" ಅಂತ ಬರೆದ್ರು. ಅದೇ ಗ್ರೀನಿಚ್ ಟೈಮ್, ಹೆಸರು ಹೇಳದೆ! ಗಂಡ ಹೆಂಡ್ತಿ ಜಗಳದಲ್ಲಿ ಮಾತು ಬಿಟ್ಟು ಮಕ್ಕಳ ಮೂಲಕ "ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು" ಅಂತಾರಲ್ಲ, ಆ ತರ.

ಈಗ ಫೆಬ್ರವರಿ 30. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಜೂಲಿಯಸ್ ಸೀಸರ್ ಕಾಲದ ಕ್ಯಾಲೆಂಡರ್ ವರ್ಷಕ್ಕೆ ಸರಿಯಾಗಿ 365 ದಿನ 6 ಗಂಟೆ ಅಂತ ಹಿಡಿದಿತ್ತು, ಅದಕ್ಕೇ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಜಾಸ್ತಿ. ಆದ್ರೆ ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ಏನ್ ಮಹಾ ಅನ್ಸುತ್ತೆ, ಆದ್ರೆ 128 ವರ್ಷಕ್ಕೆ ಒಂದು ದಿನ ಆಗುತ್ತೆ. 1582ರ ಹೊತ್ತಿಗೆ ಕ್ಯಾಲೆಂಡರ್ ಋತುಗಳಿಗಿಂತ 10 ದಿನ ಜಾರಿತ್ತು. ಪೋಪ್ ಹದಿಮೂರನೇ ಗ್ರೆಗೊರಿ ಹತ್ತು ದಿನ ಕತ್ತರಿಸಿ ಅಂದ್ರು, ಸ್ಪೇನ್, ಪೋರ್ಚುಗಲ್, ಇಟಲಿ ಕಡೆಯವರು ಅಕ್ಟೋಬರ್ 4 ಗುರುವಾರ ಮಲಗಿ ಅಕ್ಟೋಬರ್ 15 ಶುಕ್ರವಾರ ಎದ್ರು. ಸಂತ ತೆರೇಸಾ ಆಫ್ ಆವಿಲಾ ತೀರ್ಕೊಂಡಿದ್ದು ಸರಿಯಾಗಿ ಅದೇ ರಾತ್ರಿ, 4ನೇ ತಾರೀಕು ಸತ್ತೋರನ್ನ ಮಾರನೇ ದಿನವೇ, ಅಂದ್ರೆ 15ನೇ ತಾರೀಕು, ಮಣ್ಣು ಮಾಡಿದ್ರು.

ಪ್ರೊಟೆಸ್ಟೆಂಟ್ ದೇಶಗಳಿಗೆ ಪೋಪ್ ಹೇಳಿದ್ದು ಕೇಳೋಕೆ ಇಷ್ಟ ಇರ್ಲಿಲ್ಲ. ಬ್ರಿಟನ್ 1752ರವರೆಗೂ ಎಳೀತು, ಅಷ್ಟರಲ್ಲಿ ಎರಡು ಕ್ಯಾಲೆಂಡರ್‌ಗಳ ಅಂತರ ಹನ್ನೊಂದು ದಿನ ಆಗಿತ್ತು, ಹಾಗಾಗಿ ಸೆಪ್ಟೆಂಬರ್ 2 ಆದ್ಮೇಲೆ ಸೆಪ್ಟೆಂಬರ್ 14. ರಷ್ಯಾ ಬದಲಾಗಿದ್ದು 1918ರಲ್ಲಿ, ಅದಕ್ಕೇ ಅವರ ಅಕ್ಟೋಬರ್ ಕ್ರಾಂತಿಯ ದಿನ ನವೆಂಬರ್ 7ಕ್ಕೆ ಬರೋದು.

ಸ್ವೀಡನ್ ಮಾತ್ರ ಅತಿ ಬುದ್ಧಿವಂತಿಕೆ ಮಾಡೋಕೆ ಹೋಯ್ತು. ಒಂದೇ ಸಲ ಹನ್ನೊಂದು ದಿನ ಕಿತ್ರೆ ಜನ ಗಾಬರಿ ಆಗ್ತಾರೆ, ನಿಧಾನಕ್ಕೆ ಮಾಡೋಣ, 1700ರಿಂದ 1740ರವರೆಗೆ ಬರೋ ಫೆಬ್ರವರಿ 29ಗಳನ್ನೆಲ್ಲಾ ಬಿಟ್ಬಿಡೋಣ, ತಾನಾಗೇ ಸರಿ ಹೋಗುತ್ತೆ ಅಂತ ಪ್ಲಾನ್. 1700ರಲ್ಲಿ ಬಿಟ್ರು. ಅಷ್ಟರಲ್ಲಿ ಯುದ್ಧ ಶುರುವಾಯ್ತು, ಆ ಗಲಾಟೆಯಲ್ಲಿ 1704ರಲ್ಲೂ 1708ರಲ್ಲೂ ಬಿಡೋದನ್ನೇ ಮರೆತ್ರು! ಈಗ ಸ್ವೀಡನ್ನಿನ ಕ್ಯಾಲೆಂಡರ್ ಹಳೇದಕ್ಕಿಂತ ಒಂದು ದಿನ ಮುಂದೆ, ಹೊಸದಕ್ಕಿಂತ ಹತ್ತು ದಿನ ಹಿಂದೆ, ಪ್ರಪಂಚದಲ್ಲಿ ಯಾರ ಜೊತೆಗೂ ಸೇರಲ್ಲ. ಹತ್ತು ಹನ್ನೆರಡು ವರ್ಷ ಹೀಗೇ ಒದ್ದಾಡಿ, ಕೊನೆಗೆ ರಾಜ ಹನ್ನೆರಡನೇ ಚಾರ್ಲ್ಸ್ ಸಾಕಪ್ಪಾ ಸಾಕು ಹಳೇದಕ್ಕೇ ವಾಪಸ್ ಹೋಗೋಣ ಅಂದ. ವಾಪಸ್ ಹೋಗ್ಬೇಕಂದ್ರೆ ಬಿಟ್ಟ ಆ ಒಂದು ದಿನವನ್ನ ಎಲ್ಲಾದ್ರೂ ತುರುಕಬೇಕಲ್ಲ. 1712 ಹೇಗೂ ಅಧಿಕ ವರ್ಷ, ಫೆಬ್ರವರಿ 29 ಇದ್ದೇ ಇತ್ತು, ಅದರ ಮುಂದೆ ಇನ್ನೊಂದು ಸೇರಿಸಿದ್ರು. ಫೆಬ್ರವರಿ 30, 1712. ಸ್ವೀಡನ್ ಮತ್ತು ಆಗ ಅದರ ಕೈಕೆಳಗಿದ್ದ ಫಿನ್‌ಲೆಂಡ್‌ನಲ್ಲಿ ಜನ ನಿಜವಾಗಿ ಬದುಕಿದ ದಿನ ಇದು. ಫೆಬ್ರವರಿ 29ಕ್ಕೆ ಹುಟ್ಟಿದವರಿಗೆ ನಾಲ್ಕು ವರ್ಷಕ್ಕಾದ್ರೂ ಒಂದ್ಸಲ ಬರ್ತ್‌ಡೇ ಬರುತ್ತೆ, ಆವತ್ತು ಹುಟ್ಟಿದ ಮಕ್ಕಳಿಗೆ ಜನ್ಮದಲ್ಲಿ ಬರಲ್ಲ. ಇಷ್ಟೆಲ್ಲಾ ಮಾಡಿ 1753ರಲ್ಲಿ ಸ್ವೀಡನ್ ಒಂದೇ ಏಟಿಗೆ ಹನ್ನೊಂದು ದಿನ ಕಿತ್ತು ಹಾಕ್ತು, ಮೊದಲೇ ಯಾವುದಕ್ಕೆ ಹೆದರಿತ್ತೋ ಅದನ್ನೇ.

ಇಥಿಯೋಪಿಯಾ ಈ ತಂಟೆಗೇ ಹೋಗಲಿಲ್ಲ, ಅವರದ್ದು ಇವತ್ತಿಗೂ ಬೇರೇನೇ ಕ್ಯಾಲೆಂಡರ್. 30 ದಿನದ 12 ತಿಂಗಳು, ಜೊತೆಗೆ ಐದೋ ಆರೋ ದಿನದ ಹದಿಮೂರನೇ ತಿಂಗಳು, ವರ್ಷದ ಎಣಿಕೆ ಏಳೆಂಟು ಹಿಂದೆ, ಹಾಗಾಗಿ ಅವರು 2000ನೇ ಇಸವಿಯನ್ನ ಸ್ವಾಗತಿಸಿದ್ದು 2007ರ ಸೆಪ್ಟೆಂಬರ್‌ನಲ್ಲಿ. ಗಂಟೆ ಎಣಿಸೋದೂ ಬೇರೆ, ಬೆಳಕು ಹರಿದಾಗಿನಿಂದ ಲೆಕ್ಕ. ನಾವು ಬೆಳಿಗ್ಗೆ ಏಳು ಅನ್ನೋದಕ್ಕೆ ಅವರು ಒಂದು ಗಂಟೆ ಅಂತಾರೆ. ಯೋಚನೆ ಮಾಡಿದ್ರೆ ಅದೇ ಸರಿ ಅನ್ಸುತ್ತೆ, ದಿನ ಶುರುವಾಗಿ ಒಂದು ಗಂಟೆ ಆಗಿದೆ ತಾನೇ.

ಚೀನಾ ಅಷ್ಟು ಅಗಲ ಇದ್ರೂ 1949ರಿಂದ ಇಡೀ ದೇಶಕ್ಕೆ ಬೀಜಿಂಗ್ ಟೈಮ್ ಒಂದೇ. ಹಾಗಾಗಿ ಪಶ್ಚಿಮದ ತುದಿಯಲ್ಲಿ ಚಳಿಗಾಲದಲ್ಲಿ ಸೂರ್ಯ ಹುಟ್ಟೋದು ಹತ್ತು ಗಂಟೆ ಹೊತ್ತಿಗೆ, ಅಲ್ಲಿಂದ ಅಫ್ಘಾನಿಸ್ತಾನದ ಗಡಿ ದಾಟಿ ಒಂದು ಹೆಜ್ಜೆ ಇಟ್ರೆ ಗಡಿಯಾರ ಮೂರೂವರೆ ಗಂಟೆ ಹಿಂದಕ್ಕೆ. ಅಷ್ಟು ದೊಡ್ಡ ಜಿಗಿತ ಇರೋ ನೆಲದ ಗಡಿ ಇನ್ನೊಂದಿಲ್ಲ. ನೇಪಾಳದ ಗಡಿಯಾರ ಗ್ರೀನಿಚ್‌ಗಿಂತ 5 ಗಂಟೆ 45 ನಿಮಿಷ ಮುಂದೆ, ಗೌರಿಶಂಕರ ಶಿಖರದ ರೇಖಾಂಶದ ಲೆಕ್ಕ ಅದು. ಉತ್ತರ ಕೊರಿಯಾ 2015ರಲ್ಲಿ ಅರ್ಧ ಗಂಟೆ ಹಿಂದಕ್ಕೆ ಹೋಗಿ ತನ್ನದೇ ಟೈಮ್ ಮಾಡ್ಕೊಂಡಿತ್ತು. 2018ರಲ್ಲಿ ಶಾಂತಿ ಮಾತುಕತೆಗೆ ಅಂತ ಗಡಿಗೆ ಹೋದ ಕಿಮ್ ಜಾಂಗ್ ಉನ್ ಅಲ್ಲಿನ ಗೋಡೆ ಮೇಲೆ ಪ್ಯಾಂಗ್ಯಾಂಗ್‌ಗೊಂದು ಸಿಯೋಲ್‌ಗೊಂದು ಅಂತ ಎರಡು ಗಡಿಯಾರ ನೇತಾಕಿರೋದು ನೋಡಿ ಬೇಜಾರಾಯ್ತು ಅಂದ್ರಂತೆ, ಎಂಟೇ ದಿನದಲ್ಲಿ ದೇಶದ ಗಡಿಯಾರ ವಾಪಸ್ ಹಳೇ ಜಾಗಕ್ಕೆ.

ಹಾಗಾದ್ರೆ ದಕ್ಷಿಣ ಧ್ರುವದಲ್ಲಿ ಟೈಮ್ ಎಷ್ಟು? ಎಲ್ಲಾ ರೇಖಾಂಶಗಳೂ ಅಲ್ಲಿ ಒಂದೇ ಚುಕ್ಕೆಗೆ ಬಂದು ಸೇರ್ತವೆ, ಧ್ರುವದ ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ರೆ ಅರ್ಧ ನಿಮಿಷದಲ್ಲಿ ಇಪ್ಪತ್ನಾಲ್ಕು ಗಂಟೆಗಳನ್ನೂ ಡೇಟ್ ಲೈನನ್ನೂ ದಾಟಿರ್ತೀರ. ಸೂರ್ಯನ್ನ ಕೇಳೋಣ ಅಂದ್ರೆ ಅವನು ಸೆಪ್ಟೆಂಬರಲ್ಲಿ ಹುಟ್ಟಿದ್ರೆ ಮುಳುಗೋದು ಮಾರ್ಚಲ್ಲಿ. ಅಲ್ಲಿ ಅಮೆರಿಕದ ಅಮುಂಡ್ಸನ್-ಸ್ಕಾಟ್ ಅನ್ನೋ ಸಂಶೋಧನಾ ಕೇಂದ್ರ ಇದೆ, ವರ್ಷವಿಡೀ ಜನ ಇರ್ತಾರೆ. ಅವರ ಕೈಗಡಿಯಾರದಲ್ಲಿ ಇರೋದು ನ್ಯೂಜಿಲೆಂಡ್ ಟೈಮ್. ಯಾಕಂದ್ರೆ ಅವರ ಸಾಮಾನು ಸರಂಜಾಮು ಹೊತ್ಕೊಂಡು ವಿಮಾನ ಹೊರಡೋದು ಅಲ್ಲಿನ ಕ್ರೈಸ್ಟ್‌ಚರ್ಚ್‌ನಿಂದ.